ಜೈಲಿನೊಳಗಿನ ಪಂಕ್ತಿಭೇದ

ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ. ವರ್ಷಗಟ್ಟಲೆ ಸನ್ನಡತೆ ತೋರಿದ ಸಜಾಬಂದಿಗಳು ಅಲ್ಲಿ ಬೇಸಾಯ ಮಾಡುತ್ತಾ ಬಿಡುಗಡೆಯ ದಿನಕ್ಕೆ ಅಣಿಯಾಗುತ್ತಾರೆ. ಅಪರಾಧ ಸಾಬೀತಾದವನಿಗೂ ಮನುಷ್ಯನಾಗಿ ಮರಳುವ ದಾರಿಯಿದೆ ಎಂಬ ನಂಬಿಕೆಯ ಮೇಲೆ ನಿಂತ ಆ ವ್ಯವಸ್ಥೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ದೇವನಹಳ್ಳಿಯದೋ ದೊಡ್ಡಬಳ್ಳಾಪುರದ್ದೋ ಯುವಕನೊಬ್ಬ ಕೇವಲ ಆರೋಪದ ಮೇಲೆ ಬಂಧನಕ್ಕೊಳಗಾದರೆ ಆ ಬಯಲು ಅವನದಲ್ಲ. ಹೆಚ್ಚಾಗಿ ಅವನು ಸೇರುವುದು ಪರಪ್ಪನ ಅಗ್ರಹಾರದ ಕಿಕ್ಕಿರಿದ ಬ್ಯಾರಕನ್ನು. ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ತೆರೆದ ಹೊಲ, ತೀರ್ಮಾನವೇ ಆಗದವನಿಗೆ ಕಬ್ಬಿಣದ ಸರಳು!

ಕೈದಿಗಳ ವಿಂಗಡಣೆ ಹೊಸ ವಿಚಾರವಲ್ಲ. 1894ರ ಬಂದೀಖಾನೆ ಕಾಯ್ದೆಯೇ ಹೆಂಗಸರನ್ನು ಗಂಡಸರಿಂದ, ಎಳೆಯರನ್ನು ಹಿರಿಯರಿಂದ, ವಿಚಾರಣಾಧೀನರನ್ನು ಶಿಕ್ಷೆಗೊಳಗಾದವರಿಂದ ಬೇರೆಯಾಗಿಡಬೇಕೆಂದು ವಿಧಿಸಿತ್ತು. ನುರಿತ ಪಾತಕಿಯ ಮಗ್ಗುಲಲ್ಲಿ ಮಲಗಿದ ಹುಡುಗ ಏನು ಕಲಿತು ಹೊರಬರುತ್ತಾನೆಂಬುದನ್ನು ವಿದೇಶಿ ಪ್ರಭುತ್ವವೂ ಬಲ್ಲದ್ದಾಗಿತ್ತು. ಆದರೆ ಅದೇ ಪ್ರಭುತ್ವ 1930ರಲ್ಲಿ ಎ, ಬಿ, ಸಿ ಎಂಬ ದರ್ಜೆಗಳನ್ನೂ ತಂದು ಅಂತಸ್ತು, ವಿದ್ಯೆ, ಜೀವನಮಟ್ಟಗಳನ್ನು ನೋಡಿ ಸೌಲಭ್ಯ ಹಂಚಿತು. ಮೊದಲನೆಯ ವಿಂಗಡಣೆಯ ಉದ್ದೇಶ ರಕ್ಷಣೆ, ಎರಡನೆಯದರದ್ದು ಶುದ್ಧ ಪಂಕ್ತಿಭೇದ. ನಮ್ಮ ದುರದೃಷ್ಟ, ಮೊದಲನೆಯದು ಜಾಗವಿಲ್ಲದೆ ಸೊರಗಿದರೆ ಎರಡನೆಯದು ಕಾಗದದಲ್ಲಿ ಇಲ್ಲದೆಯೂ ಕೊಬ್ಬಿ ಬೆಳೆದಿದೆ. ಪರಪ್ಪನ ಅಗ್ರಹಾರದಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಹಿಡಿದು ಕುಳಿತ ನಟ ದರ್ಶನ್ ಅವರ ಚಿತ್ರ 2024ರ ಆಗಸ್ಟ್‌ನಲ್ಲಿ ಹೊರಬಿತ್ತು. ಸಿಬ್ಬಂದಿಯ ಅಮಾನತಾಯಿತು, ನಟರನ್ನು ಬಳ್ಳಾರಿಗೆ ಸಾಗಿಸಲಾಯಿತು. ಅವರೂ ಆಗ ವಿಚಾರಣಾಧೀನರೇ ಆಗಿದ್ದರು. ಹೊಸಕೋಟೆಯ ಗ್ಯಾರೇಜ್ ಹುಡುಗನಿಗೆ ಅಂಥ ಕುರ್ಚಿಯನ್ನು ಯಾರಾದರೂ ಹಾಕಿಕೊಡುತ್ತಿದ್ದರೇ?

ಜಾತಿಯ ಕಥೆ ಇನ್ನೂ ಕಹಿ. ಅಡುಗೆ ಮೇಲ್ಜಾತಿಯವರಿಗೆ, ಕಸ ಗುಡಿಸುವುದು ಕೆಳಜಾತಿಯವರಿಗೆ ಎಂಬ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಸ್ವಾತಂತ್ರ್ಯಾನಂತರವೂ ಹಾಗೆಯೇ ಉಳಿದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಅವನ್ನು ಅಸಾಂವಿಧಾನಿಕವೆಂದು ಸಾರಿ, ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ಅಳಿಸಲು ಆದೇಶಿಸಿತು. ಒಬ್ಬ ಪತ್ರಕರ್ತೆ ಹಟ ಹಿಡಿಯುವವರೆಗೆ ಎಪ್ಪತ್ತೈದಕ್ಕೂ ಹೆಚ್ಚು ವರ್ಷ ನಾವೆಲ್ಲ ಏನು ಮಾಡುತ್ತಿದ್ದೆವು?

2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿನ ಪಾಲಿಗಿಂತ ಹೆಚ್ಚು. ನಾಲ್ವರಲ್ಲಿ ಮೂವರು ತೀರ್ಪಿಲ್ಲದವರಾಗಿರುವಾಗ ಬ್ಯಾರಕ್‌ಗಳನ್ನು ಎಷ್ಟು ವಿಂಗಡಿಸಿದರೂ ಏನಾದೀತು? ಹೊರಗೆ ಕಳುಹಿಸಬಹುದಾದವರನ್ನು ಮೊದಲು ಕಳುಹಿಸಬೇಕು. ಜಾಮೀನು ಮಂಜೂರಾದರೂ ಪಹಣಿ ತಂದು ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ಬಡ ವಿಚಾರಣಾಧೀನರ ಜಾಮೀನಿಗೆ ಹಣದ ನೆರವು ನೀಡುವ ಕೇಂದ್ರದ ಯೋಜನೆ 2023ರಿಂದ ಇದೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು 1987ರ ಕಾಯ್ದೆ ಕೊಟ್ಟ ಹಕ್ಕು. ನಮ್ಮ ಜಮಾಅತ್‌ಗಳಲ್ಲಿ ಇವು ಎಷ್ಟು ಮಂದಿಗೆ ಗೊತ್ತು? ಮಗ ಜೈಲಿಗೆ ಹೋದನೆಂದರೆ ಆ ಮನೆಯ ಹೆಣ್ಣುಮಕ್ಕಳ ಸಂಬಂಧ ಮುರಿಯಲು ತೋರುವ ಆತುರವನ್ನು ಶ್ಯೂರಿಟಿಗೆ ಸಹಿ ಹಾಕಲು ತೋರುವವರು ವಿರಳ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಮುಖ್ಯವಾದುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳನ್ನು ಬಿಟ್ಟು, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು. ಒಂದಕ್ಕಿಂತ ಹೆಚ್ಚು ಅಪರಾಧಗಳ ಆರೋಪ ಅಥವಾ ಪ್ರಕರಣಗಳು ಬಾಕಿಯಿದ್ದವರಿಗೆ ಈ ಸೌಲಭ್ಯವಿಲ್ಲ. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ಆ ದಿನ ಯಾವುದೆಂದು ಮನೆಯವರೂ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಲಿ. ದಿನ ತುಂಬಿದ ಮೇಲೂ ಅರ್ಜಿ ಹೋಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಲಿ, ಜೊತೆಗೆ ಮಸೀದಿ ಕಮಿಟಿಯ ಇಬ್ಬರಾದರೂ ಹೋಗಲಿ.