ಮಕ್ಕಳ ಆಟದೊಳಗಿನ ದಂಡು

ನಮ್ಮ ನಾಡಿನ ಗುಡಿ-ಕಟ್ಟೆಗಳ ಹಾಸುಗಲ್ಲುಗಳ ಮೇಲೆ ಹುಲಿ-ಕುರಿಯಾಟದ ಗೆರೆಗಳನ್ನು ಕೊರೆದಿರುವುದುಂಟು. ಹಾರಿ ಕೊಲ್ಲುವ ಬಲ ಹುಲಿಗೆ. ಕೂಡಿ ನಿಂತು ದಾರಿ ಕಟ್ಟುವ ಬಲ ಕುರಿಗೆ. ಈಗಿನ ಮಕ್ಕಳಾದರೋ ಗಣಕಯಂತ್ರದ ತೆರೆಯ ಮೇಲೆ ವೀರರ ತಂಡವನ್ನು ಕಟ್ಟಿ ರಾಕ್ಷಸರೊಡನೆ ಕಾದುತ್ತಾರೆ. ಇದನ್ನು ಬರಿಯ ಕಾಲಹರಣವೆಂದು ಗದರುವುದಕ್ಕೆ ಮೊದಲು ಆ ಆಟದ ಕಟ್ಟನ್ನು ವಿಚಾರಿಸುವುದು ಗೃಹಸ್ಥರಿಗೆ ಯುಕ್ತವೆಂದು ನಾವು ಬಗೆಯುತ್ತೇವೆ.

ಇಂಥ ಆಟಗಳ ಮೂಲವು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದರಲ್ಲಿ ಮೊದಲಿಗೆ ಇದ್ದುವು ಮೂರೇ ವೃತ್ತಿಗಳು. ಯೋಧನಿಗೆ ಆಯುಧಗಳೆಲ್ಲವೂ ಸಲ್ಲುವುವು, ಮಂತ್ರ ಸಲ್ಲದು. ಮಾಂತ್ರಿಕನಿಗೆ ಕವಚವಿಲ್ಲ, ಆಯುಧವೆಂದರೆ ಕಠಾರಿಯೊಂದೇ. ಪುರೋಹಿತನು ಗಾಯವನ್ನು ಮಾಯಿಸಬಲ್ಲನು, ಅಲಗಿನ ಆಯುಧವನ್ನು ಹಿಡಿಯಲಾರನು. ಹೀಗೆ ಒಬ್ಬೊಬ್ಬನಿಗೂ ಒಂದೊಂದು ಕೊರತೆಯನ್ನು ಬೇಕೆಂದೇ ಇಟ್ಟಿರುವುದರಿಂದ ಒಬ್ಬರನ್ನೊಬ್ಬರು ಅವಲಂಬಿಸದೆ ಗತ್ಯಂತರವಿಲ್ಲ.

ಕಾದುವ ಕ್ರಮದಲ್ಲಿಯೂ ಭೇದವುಂಟು. 1987ರಲ್ಲಿ ಜಪಾನಿನಲ್ಲಿ ಹೊರಟ ‘ಫೈನಲ್ ಫ್ಯಾಂಟಸಿ’ಯಲ್ಲಿ ಆರು ವೃತ್ತಿಗಳೊಳಗಿಂದ ಆರಿಸಿದ ನಾಲ್ವರಿಗೂ ಮೊದಲೇ ಆಜ್ಞೆ ಕೊಡಬೇಕು. ಮೊದಲನೆಯವನ ಪೆಟ್ಟಿಗೇ ವೈರಿ ಬಿದ್ದರೆ, ಅದೇ ವೈರಿಗೆಂದು ಎರಡನೆಯವನೆತ್ತಿದ ಪೆಟ್ಟು ವ್ಯರ್ಥ. 1998ರ ‘ಬಾಲ್ಡರ್ಸ್ ಗೇಟ್’ನಲ್ಲಿ ಆರು ಮಂದಿಯವರೆಗೆ ತಂಡವಿರಬಹುದು, ಯುದ್ಧವು ಎಡೆಬಿಡದೆ ಸಾಗುವುದು, ಆದರೆ ಆಟಗಾರನು ಬೇಕೆಂದಾಗ ಅದನ್ನು ತಡೆದು, ಯೋಚಿಸಿ, ಆಜ್ಞೆಯನ್ನು ಬದಲಿಸಬಹುದು. ಮೊದಲನೆಯದು ಮುಂದಾಲೋಚನೆಯನ್ನು ಕಲಿಸಿದರೆ ಎರಡನೆಯದು ಸಮಯಸ್ಫೂರ್ತಿಯನ್ನು ಕಲಿಸುವುದು. ಎಳೆಯರಿಗೆ ಎರಡೂ ಬೇಕು.

ಇದರ ನಿಜವಾದ ಪಾಠವು ಸುರಪುರದ ಸೀಮೆಯಲ್ಲಿಯೇ ಇದೆ. 1705ರಲ್ಲಿ ಔರಂಗಜೇಬನು ತಾನೇ ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದನು. ಒಳಗೆ ಪಿಡ್ಡನಾಯಕನ ಬೇಡರ ಬಂದೂಕುಗಾರರು. ಹೊರಗಿನಿಂದ ನೆರವಿಗೆ ಬಂದವರು ಮರಾಠರ ರಾವುತರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಗಲರ ದೊಡ್ಡ ದಂಡು ಅಲ್ಲಿ ಸಿಕ್ಕಿಬಿದ್ದಿತು. ಕೊನೆಗೆ ಕೋಟೆ ಬಾದಶಹನ ಕೈಸೇರಿದರೂ ನಾಯಕನು ತನ್ನವರೊಡನೆ ತಪ್ಪಿಸಿಕೊಂಡು ಹೋಗಿದ್ದನು. ಗೋಡೆಯ ಮೇಲಿನ ಗುರಿಕಾರನ ಕೆಲಸವು ಬಯಲಿನ ರಾವುತನದಲ್ಲ, ರಾವುತನದು ಗುರಿಕಾರನದಲ್ಲ. ಆದರೆ ಅಲ್ಲಿ ಬಿದ್ದವರು ಆಟದಲ್ಲಿಯಂತೆ ಮರಳಿ ಏಳಲಿಲ್ಲ. ಈ ಮಾತನ್ನು ಮಕ್ಕಳಿಗೆ ಹೇಳುವುದು ಹಿರಿಯರ ಹೊಣೆ.

ಆಟಕ್ಕೆ ಹೊತ್ತಿನ ಮಿತಿಯನ್ನು ಹಾಕತಕ್ಕದ್ದೇ ಸರಿ. ಆದರೆ ‘ಎಷ್ಟು ಮಂದಿಯನ್ನು ಕೊಂದೆ?’ ಎಂದು ಕೇಳುವುದಕ್ಕಿಂತ ‘ಯಾರನ್ನು ಜೊತೆಗೆ ಕರೆದೊಯ್ದೆ, ಏಕೆ?’ ಎಂದು ಕೇಳುವುದು ಮೇಲು. ಎಲ್ಲ ಮಕ್ಕಳೂ ಖಡ್ಗವನ್ನೇ ಬಯಸುವರು. ಗಾಯ ಮಾಯಿಸುವವನಿಲ್ಲದ ತಂಡವು ಎಷ್ಟು ಬೇಗ ನೆಲಕಚ್ಚುವುದೆಂಬುದನ್ನು ಆಟವೇ ತೋರಿಸುವುದು. ಮನೆಯಲ್ಲಿಯೂ ಅಂಥ ಕೆಲಸ ಮಾಡುವವರು ಕಣ್ಣಿಗೆ ಬೀಳುವುದು ಕಡಿಮೆ. ಅವರನ್ನು ಗುರುತಿಸುವ ಬುದ್ಧಿ ಮಗುವಿಗೆ ಬಂದರೆ ಆಡಿದ ಹೊತ್ತು ದಂಡವಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.