ಮೋರಾನ್ ಅನ್ನೋ ಮುಂಚೆ...

‘ದಡ್ಡ’ ಅಂದ್ರೆ ಒರಟು, ‘ಮೋರಾನ್’ ಅಂದ್ರೆ ಸ್ಟೈಲು! ಮೊನ್ನೆ ಆಫೀಸಿನಲ್ಲಿ ಟೀ ಹುಡುಗ ಲೋಟ ಬೀಳಿಸಿದ. ಪಕ್ಕದ ಸೀಟಿನ ಗೆಳೆಯ ಈ ಪದ ಎಸೆದ. ಹುಡುಗನಿಗೆ ಅರ್ಥವಾಗದೆ ಸುಮ್ಮನೆ ನಕ್ಕ. ನನಗೆ ಉರಿದುಹೋಯ್ತು.

ಅದು ಬೀದಿಯಲ್ಲಿ ಹುಟ್ಟಿದ ಬೈಗುಳ ಅಲ್ಲ ಸ್ವಾಮಿ. 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗಾಡರ್ಡ್ ಗ್ರೀಕ್‌ನಿಂದ ಎತ್ತಿ ಟಂಕಿಸಿದ ‘ವೈಜ್ಞಾನಿಕ’ ಪದ. ಬೆಳೆದವರಾದರೂ ಬುದ್ಧಿ 8ರಿಂದ 12 ವರ್ಷದ ಮಕ್ಕಳಷ್ಟೇ ಅಂತ ಅರ್ಥ. ಇಂಥವರು ಹೆರಲೇಬಾರದು ಅಂತ ಅಲ್ಲಿ ಕಾನೂನುಗಳೇ ಇದ್ದವು! ವರ್ಜೀನಿಯಾದ ಕ್ಯಾರಿ ಬಕ್‌ಗೆ ಇದೇ ಹಣೆಪಟ್ಟಿ ಹಚ್ಚಿ, 1927ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಅವಳ ಹಸುಗೂಸೂ ಮಂದಬುದ್ಧಿಯದೇ ಅಂತ ಸಾಕ್ಷಿ ಬೇರೆ. ಆ ಕೂಸು ವಿವಿಯನ್ ಮುಂದೆ ಶಾಲೆಯಲ್ಲಿ ಜಾಣರ ಪಟ್ಟಿಗೆ ಸೇರಿತು, ಎಂಟನೇ ವಯಸ್ಸಿಗೆ ತೀರಿಕೊಂಡಿತು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. “ತಮಾಷೆಗಂದೆ ಮಾರಾಯ” ಅಂದ. ತಮಾಷೆಗೇ ಆದ್ರೆ ನಮ್ಮ ‘ಬೆಪ್ಪುತಕ್ಕಡಿ’ ಇತ್ತಲ್ಲಪ್ಪ? ಹುಡುಗನಿಗೂ ಅರ್ಥವಾಗ್ತಿತ್ತು, ತಿರುಗಿಸಿ ನಿನಗೂ ಎರಡು ಅಂತಿದ್ದ.