ಪೆಟ್ಟಿಗೆಯ ಅಳತೆಯೂ ಮನುಷ್ಯನ ಹೆಸರೂ

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಪೂಜಾರಿಯು ಈಗ ಗುಡಿಯನ್ನು ಬಿಟ್ಟು ಕಂಪ್ಯೂಟರಿನೊಳಗೆ ಬಂದು ಕುಳಿತಿದ್ದಾನೆಂದರೆ ವಾಚಕರು ನಗಬಹುದು. ಆದರೆ ಕಳೆದ ವರ್ಷ ನನ್ನ ಸಹಪಾಠಿಯೊಬ್ಬಳು ಪಟ್ಟ ಪಾಡನ್ನು ಕಂಡ ಮೇಲೆ ನನಗೆ ಹಾಗೆ ತೋರಿದುದರಲ್ಲಿ ತಪ್ಪೇನೂ ಇಲ್ಲ.

ಆಕೆಗೆ ಒಂದು ವಿದ್ಯಾರ್ಥಿವೇತನ ಮಂಜೂರಾಗಿತ್ತು. ಕಚೇರಿಯೊಂದರಿಂದ ಬಂದ ಪಟ್ಟಿಯಲ್ಲಿ ಆಕೆಯ ಹೆಸರೇನೋ ಇತ್ತು; ಅದರ ಮುಂದಿರಬೇಕಾದ ತಂದೆಯ ಹೆಸರು ಮಾತ್ರ ಇರಲಿಲ್ಲ. ನಮ್ಮ ತರಗತಿಯಲ್ಲಿ ಅದೇ ಹೆಸರಿನವರು ಇಬ್ಬರು. ಅವರಿಬ್ಬರನ್ನು ಬೇರ್ಪಡಿಸತಕ್ಕದ್ದು ತಂದೆಯ ಹೆಸರೊಂದೇ. ಹಣ ಯಾರಿಗೆ ಸಲ್ಲಬೇಕೆಂಬುದು ತೀರ್ಮಾನವಾಗಲಿಲ್ಲ. ಆಕೆ ಕೂಲಿಯ ದಿನವನ್ನು ಕಳೆದುಕೊಂಡ ತಂದೆಯನ್ನೂ ಜೊತೆಗೆ ಕರೆದುಕೊಂಡು ಮೂರು ಸಲ ಆ ಕಚೇರಿಗೆ ಅಲೆದಳು. ಕಡೆಗೆ ಗುಮಾಸ್ತರೊಬ್ಬರು ಕಂಪ್ಯೂಟರನ್ನು ತೆರೆದು ನೋಡಿದರೆ ಹೆಸರು ಅಲ್ಲಿ ಪೂರ್ತಿಯಾಗಿಯೇ ಇದೆ! "ನಮ್ಮಲ್ಲಿ ಸರಿಯಾಗೇ ಇದೆಯಮ್ಮ, ಪ್ರಿಂಟಿನಲ್ಲಿ ಹಾಗೆ ಬರುತ್ತೆ" ಎಂದರಂತೆ.

"ಹಾಗೆ ಬರುತ್ತೆ" ಎಂಬ ಈ ಮಾತಿನ ಮೇಲೆಯೇ ನನ್ನ ತಕರಾರು. ಮಳೆ ಬರುತ್ತದೆ, ಬಿಸಿಲು ಬರುತ್ತದೆ; ವರದಿಯು ತಾನಾಗಿ ಬರುವುದಿಲ್ಲ. ಅದನ್ನು ಹಾಗೆ ಬರುವಂತೆ ಯಾರೋ ಮಾಡಿರುತ್ತಾರೆ, ಇಲ್ಲವೇ ಹಾಗೆ ಬಾರದಂತೆ ಮಾಡುವುದನ್ನು ಮರೆತಿರುತ್ತಾರೆ.

ಕಂಪ್ಯೂಟರ್ ತರಗತಿಗೆ ಬಾರದ ಮಿತ್ರರಿಗಾಗಿ ಎರಡು ಮಾತು. 1992ರಲ್ಲಿ ಮೊದಲು ಹೊರಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ತಂತ್ರಾಂಶದಲ್ಲಿ ಮಾಹಿತಿಯೆಲ್ಲವೂ ಕೋಷ್ಟಕಗಳಲ್ಲಿರುತ್ತದೆ. ಅದನ್ನು ಕಾಗದದ ಮೇಲೆ ತರುವುದಕ್ಕೆ ವರದಿಯ ನಕ್ಷೆಯನ್ನು ಬೇರೆಯಾಗಿ ರಚಿಸಬೇಕು. ಹೆಸರಿಗೊಂದು, ಅಂಕಗಳಿಗೊಂದು, ಮೊತ್ತಕ್ಕೊಂದು ಹೀಗೆ ಪುಟದ ಮೇಲೆ ಪೆಟ್ಟಿಗೆಗಳನ್ನಿಡಬೇಕು. ಒಂದು ಪೆಟ್ಟಿಗೆಯನ್ನು ಆರಿಸಿ ಎಫ್ 4 ಕೀಲಿಯನ್ನು ಒತ್ತಿದರೆ ಅದರ 'ಪ್ರಾಪರ್ಟಿ'ಗಳ, ಎಂದರೆ ಗುಣಗಳ, ಉದ್ದವಾದ ಪಟ್ಟಿಯೊಂದು ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ನಾವು ಒಂದನ್ನೂ ಮುಟ್ಟದಿದ್ದರೂ ಅಲ್ಲಿ ಏನಾದರೊಂದು ತೀರ್ಮಾನ ಮೊದಲೇ ನಮೂದಾಗಿರುತ್ತದೆ. ಮುಟ್ಟದಿರುವುದೂ ಅದಕ್ಕೆ ಒಪ್ಪಿಗೆ ಕೊಟ್ಟಂತೆಯೇ ಸರಿ.

ಆ ಗುಣಗಳಲ್ಲಿ 'ಕ್ಯಾನ್ ಗ್ರೋ' ಎಂಬುದೊಂದು. ಪೆಟ್ಟಿಗೆಯು ಬೇಕಾದಷ್ಟು ಕೆಳಕ್ಕೆ ಬೆಳೆಯಬಹುದೇ ಎಂಬುದು ಅದರ ಅರ್ಥ. 'ಹೌದು' ಎಂದಿದ್ದರೆ ಉದ್ದನೆಯ ಹೆಸರು ಎರಡನೆಯ ಸಾಲಿಗೆ ಇಳಿಯುತ್ತದೆ. 'ಇಲ್ಲ' ಎಂದಿದ್ದರೆ ಎರಡನೆಯ ಸಾಲಿಗೆ ಹೋಗಬೇಕಾದ ಮಾತು ಕಾಣದಂತಾಗುತ್ತದೆ. ಕ್ರಿಸ್ಟಲ್ ರಿಪೋರ್ಟ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿಯೂ ಇದೇ ಹೆಸರಿನ ಗುಣವುಂಟು. ನನ್ನ ಸಹಪಾಠಿಯ ತಂದೆಯು ಮಾಯವಾದುದು ಇಂಥ ಒಂದು 'ಇಲ್ಲ'ದಿಂದಲೇ ಇರಬೇಕು. ನಮ್ಮ ಕನ್ನಡಕ್ಕಂತೂ ಮತ್ತೊಂದು ತೊಂದರೆಯುಂಟು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸರಿಯಾಗಿ ಮಾಡಿದ ಪೆಟ್ಟಿಗೆಯಲ್ಲಿ ನಮ್ಮ ಒತ್ತಕ್ಷರಗಳಿಗೆ ಕೆಳಗೆ ಸ್ಥಳ ಸಾಲದು. ಒತ್ತು ಕತ್ತರಿಸಿಹೋದರೆ ಅಪ್ಪನು 'ಅಪ'ನಾಗುತ್ತಾನೆ, ಅಮ್ಮನು 'ಅಮ'ಳಾಗುತ್ತಾಳೆ!

ಇದಕ್ಕಿಂತಲೂ ಆಶ್ಚರ್ಯವಾದ ಸಂಗತಿಯೊಂದಿದೆ. ಅಂಕಿಯೊಂದು ಪೆಟ್ಟಿಗೆಯಲ್ಲಿ ಹಿಡಿಸದಿದ್ದರೆ ಅದರ ಬದಲಾಗಿ #### ಎಂಬ ಗುರುತನ್ನು ತೋರಿಸುವ ಏರ್ಪಾಡು ಆಕ್ಸೆಸ್‌ನಲ್ಲಿದೆ. ಹಣದ ಮೊತ್ತ ತುಂಡಾದರೆ ಅನರ್ಥವಾದೀತೆಂದು ಯಾರೋ ಮುಂದಾಲೋಚನೆ ಮಾಡಿದ್ದಾರೆ. ಹೆಸರು ತುಂಡಾದರೆ ಅಂಥ ಗುರುತೇನೂ ಇಲ್ಲ. ಅಂಕಿಗೆ ತೋರಿದ ಮರ್ಯಾದೆಯನ್ನು ಮನುಷ್ಯನ ಹೆಸರಿಗೆ ತೋರಲಿಲ್ಲ.

'ಹೈಡ್ ಡೂಪ್ಲಿಕೇಟ್ಸ್' ಎಂಬುದು ಮತ್ತೊಂದು ಗುಣ. ಹಿಂದಿನ ಸಾಲಿನಲ್ಲಿದ್ದುದೇ ಮತ್ತೆ ಬಂದರೆ ಅದನ್ನು ಮರೆಮಾಡುವುದು ಇದರ ಕೆಲಸ. ವಿಭಾಗದ ಹೆಸರನ್ನು ಪ್ರತಿ ಸಾಲಿನಲ್ಲಿಯೂ ಅಚ್ಚುಮಾಡದಂತಿರಲು ಇದು ಬಹಳ ಚೆಲುವಾದ ಉಪಾಯ. ನಾನು ಪ್ರಯೋಗಶಾಲೆಯಲ್ಲಿ ಪರೀಕ್ಷೆಗಾಗಿ ಇದನ್ನು ಅಂಕಗಳ ಪೆಟ್ಟಿಗೆಗೆ ಹಾಕಿ ನೋಡಿದೆ. ಒಬ್ಬರ ಹಿಂದೊಬ್ಬರು 62 ಅಂಕ ಪಡೆದಿದ್ದರೆ ಎರಡನೆಯವರ ಎದುರಿಗೆ ಬರಿಯ ಖಾಲಿ ಸ್ಥಳ! ನೋಡಿದವರು ಆ ಬಡಪಾಯಿ ಪರೀಕ್ಷೆಗೇ ಬಂದಿಲ್ಲವೆಂದುಕೊಳ್ಳುತ್ತಾರೆ. ದಶಾಂಶ ಸ್ಥಾನಗಳನ್ನು ಸೊನ್ನೆಗೆ ಇಳಿಸಿದರೆ 34.6 ಎಂಬುದು ಕಾಗದದ ಮೇಲೆ 35 ಆಗುತ್ತದೆ. ಆದರೆ ಒಳಗಿನ ಲೆಕ್ಕದಲ್ಲಿ ಅದು 34.6 ಆಗಿಯೇ ಇರುತ್ತದೆ. 35ಕ್ಕೆ ತೇರ್ಗಡೆಯೆಂಬ ನಿಯಮವಿದ್ದಲ್ಲಿ 35 ಎಂದು ಅಚ್ಚಾಗಿದ್ದರೂ ನಪಾಸೆಂದು ಬಂದ ವಿದ್ಯಾರ್ಥಿಯು ಯಾರನ್ನು ಕೇಳಬೇಕು? ಈ ಯಾವುದರಲ್ಲಿಯೂ ಮಾಹಿತಿ ಸುಳ್ಳಲ್ಲ. ತೋರಿಸಿದ ರೀತಿ ಮಾತ್ರ ಸುಳ್ಳು.

ಈ ವಿಷಯವನ್ನು ಚರ್ಚಿಸುತ್ತಿದ್ದಾಗ ಮಿತ್ರರೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ಪೆಟ್ಟಿಗೆಗಳೆಲ್ಲ ಬೆಳೆಯುತ್ತ ಹೋದರೆ ಕೆಳಗಿನವುಗಳೆಲ್ಲ ಜರುಗಿ, ಒಂದು ಪುಟದ ಅಂಕಪಟ್ಟಿ ಎರಡು ಪುಟವಾಗುವುದಿಲ್ಲವೇ? ಮೊದಲೇ ಗೆರೆ ಹಾಕಿ ಅಚ್ಚುಮಾಡಿದ ನಮೂನೆಯಲ್ಲಿ ಹೆಸರು ಗೆರೆಯನ್ನು ದಾಟುವುದಿಲ್ಲವೇ? ಆಕ್ಷೇಪ ಯೋಗ್ಯವಾದುದೇ. ಎಲ್ಲ ಪೆಟ್ಟಿಗೆಗಳೂ ಬೆಳೆಯಲೇಬೇಕೆಂದು ನಾನು ಹೇಳುವುದಿಲ್ಲ. ಜಾಗ ಕಟ್ಟುನಿಟ್ಟಾಗಿದ್ದ ಕಡೆ ಅತ್ಯಂತ ಉದ್ದವಾದ ಹೆಸರನ್ನು ಮೊದಲು ಅಳೆದು, ಆಮೇಲೆ ನಮೂನೆಯನ್ನು ಅಚ್ಚುಹಾಕಿಸಲಿ. ಇಲ್ಲವೇ ಅಕ್ಷರವನ್ನು ಕಿರಿದು ಮಾಡಲಿ. ದರ್ಜಿಯು ಮೈಯಳತೆಗೆ ಅಂಗಿ ಹೊಲಿಯುತ್ತಾನೆಯೇ ಹೊರತು ಅಂಗಿಯ ಅಳತೆಗೆ ತೋಳನ್ನು ಕತ್ತರಿಸುವುದಿಲ್ಲವಷ್ಟೆ.

ನಮ್ಮ ಪ್ರಯೋಗಶಾಲೆಯಲ್ಲಿ ಈಗ ನಡೆಯುತ್ತಿರುವುದೇನು? ಹತ್ತು ಚಿಕ್ಕ ಹೆಸರುಗಳನ್ನು ತುಂಬಿ, ಶೀರ್ಷಿಕೆಗೆ ಬಣ್ಣ ಹಚ್ಚಿ, ಅಂಚು ಕಟ್ಟಿ, ವರದಿ ಅಂದವಾಗಿದೆಯೆಂದು ಸಹಿ ಪಡೆಯುತ್ತೇವೆ. ನಾನೂ ಹಾಗೆಯೇ ಸಹಿ ಪಡೆದವರಲ್ಲೊಬ್ಬ. ಇನ್ನು ಮುಂದೆ ಪ್ರತಿಯೊಂದು ವರದಿಯನ್ನೂ ಐದು ತಂಟೆಕೋರ ಸಾಲುಗಳಿಂದ ಪರೀಕ್ಷಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ: ಬಹಳ ಉದ್ದವಾದ ಹೆಸರೊಂದು, ಒತ್ತಕ್ಷರಗಳು ತುಂಬಿದ ಹೆಸರೊಂದು, ಹಿಂದಿನ ಸಾಲಿನಂತೆಯೇ ಇರುವ ಅಂಕವೊಂದು, ದಶಾಂಶವುಳ್ಳ ಸಂಖ್ಯೆಯೊಂದು, ಏನೂ ಬರೆಯದ ಖಾಲಿ ಸಾಲೊಂದು. ಇವುಗಳಿಗೆ ನಿಂತ ವರದಿಗೆ ಅಂಕ ಕೊಡಲಿ. ಬಣ್ಣಕ್ಕೆ ಕೊಡುವ ಅಂಕವನ್ನು ಬೇಕಾದರೆ ಕಡಿಮೆ ಮಾಡಲಿ.

ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಇಂಥ ಪಟ್ಟಿಗಳನ್ನು ತಯಾರಿಸಿ ಹೊಟ್ಟೆ ಹೊರೆಯತಕ್ಕವರು. ಕಿಟಕಿಯ ಆಚೆ ನಿಂತವಳಿಗೆ ಆ ಕಾಗದವೊಂದೇ ಸಾಕ್ಷಿ. ಒಳಗಿನ ಕೋಷ್ಟಕ ಆಕೆಗೆ ಕಾಣುವುದಿಲ್ಲ. ಆದುದರಿಂದ ಮಿತ್ರರೇ, ಹೆಸರಿನ ಪೆಟ್ಟಿಗೆಯನ್ನಿಟ್ಟ ಮೇಲೆ ಒಂದು ಸಲ ಎಫ್ 4 ಒತ್ತಿ ನೋಡೋಣ. ಅದಕ್ಕೆ ಅರ್ಧ ನಿಮಿಷವೂ ಬೇಡ. ನನ್ನ ಸಹಪಾಠಿಯ ತಂದೆಗೆ ಮೂರು ದಿನದ ಕೂಲಿ ಹೋಯಿತು.